ಹಾಡುವ ಆಟ: ಮೇಜಿನ ಮೇಲೋ, ಚಾವಡಿಯಲ್ಲೋ?

ಗೇಮ್ ಎಂದ ಕೂಡಲೇ ನಮ್ಮೂರಿನ ಹಿರಿಯರ ಹುಬ್ಬು ಗಂಟಾಗ್ತದೆ. ಮಕ್ಕಳು ಹಾಳಾಗುವ ದಾರಿಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ. ಆದರೆ ಗೇಮುಗಳಲ್ಲಿಯೂ ಒಂದು ಬೇರೆ ಜಾತಿ ಉಂಟು. ಅದರಲ್ಲಿ ಗುಂಡು ಹಾರಿಸ್ಲಿಕ್ಕಿಲ್ಲ, ಕಾರು ಓಡಿಸ್ಲಿಕ್ಕಿಲ್ಲ. ನಾಲ್ಕು ಜನ ಸೇರಿ ಹಾಡುವುದು, ತಾಳ ಹಾಕುವುದು, ಕುಣಿಯುವುದು, ಅಷ್ಟೇ. ಇಂಥ ಆಟ ಆಡ್ಲಿಕ್ಕೆ ಕಂಪ್ಯೂಟರ್ ಒಳ್ಳೆಯದಾ, ಟಿ.ವಿ.ಗೆ ಸಿಕ್ಕಿಸುವ ಕನ್ಸೋಲ್ ಒಳ್ಳೆಯದಾ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎರಡು ರಜೆಗಳ ಕಾಲ ನಡೆಯಿತು. ಕೇಳುವವರಿಗೆ ಇದು ಹೊಟ್ಟೆ ತುಂಬಿದವರ ಜಗಳ ಎಂದು ಕಾಣಬಹುದು. ಕಾಸರಗೋಡಿನ ಕನ್ನಡ ಮನೆಯೊಂದರಲ್ಲಿ ಆ ಜಗಳ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಹೇಳಿದರೆ ಹಾಗೆ ಕಾಣಲಿಕ್ಕಿಲ್ಲ.

ಮೊದಲು ಗೊತ್ತಿಲ್ಲದವರಿಗಾಗಿ ಎರಡು ಮಾತು. ಕನ್ಸೋಲ್ ಎಂದರೆ ಆಟಕ್ಕೆಂದೇ ಮಾಡಿದ ಪೆಟ್ಟಿಗೆ. ಟಿ.ವಿ.ಗೆ ವಯರು ಸಿಕ್ಕಿಸಿ, ಡಿಸ್ಕ್ ಹಾಕಿ, ಗುಂಡಿ ಒತ್ತಿದರೆ ಆಯ್ತು. ಸೋನಿ ಕಂಪೆನಿಯ ಪ್ಲೇಸ್ಟೇಷನ್ ಅಂಥದ್ದು. ಹಾಡಿನ ಆಟ ಹುಟ್ಟಿ ಬೆಳೆದದ್ದು ಹೆಚ್ಚಾಗಿ ಇಂಥ ಪೆಟ್ಟಿಗೆಗಳ ಸುತ್ತಲೇ. 1996ರಲ್ಲಿ ಜಪಾನಿನಲ್ಲಿ ‘ಪರಪ್ಪಾ ದ ರ‍್ಯಾಪರ್’ ಎಂಬ ಆಟ ಬಂತು. ಹೆಸರು ಕೇಳಿ ನಮ್ಮ ಕಡೆಯ ಯಾರೋ ಪರಪ್ಪಣ್ಣ ಎಂದು ತಿಳಿಯಬೇಡಿ, ಅದು ತಾಳಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಹಾಡುವ ಒಂದು ನಾಯಿ. 1998ರಲ್ಲಿ ಕೊನಾಮಿ ಕಂಪೆನಿ ಕಾಲಿನಿಂದ ಮೆಟ್ಟಿ ಕುಣಿಯುವ ‘ಡಾನ್ಸ್ ಡಾನ್ಸ್ ರೆವಲ್ಯೂಷನ್’ ತಂದಿತು. ಅದು ಮೊದಲು ಬಂದದ್ದು ನಾಣ್ಯ ಹಾಕಿ ಆಡುವ ಅಂಗಡಿಗಳಿಗೆ, ಆಮೇಲೆ ಮನೆಯ ಪೆಟ್ಟಿಗೆಗೆ. 2004ರಲ್ಲಿ ಎರಡು ಮೈಕುಗಳ ‘ಸಿಂಗ್‌ಸ್ಟಾರ್’, 2005ರಲ್ಲಿ ಪ್ಲಾಸ್ಟಿಕ್ ಗಿಟಾರಿನ ‘ಗಿಟಾರ್ ಹೀರೋ’, 2007ರಲ್ಲಿ ಗಿಟಾರು, ಡ್ರಮ್ಮು, ಮೈಕು ಎಲ್ಲ ಸೇರಿಸಿ ಇಡೀ ತಂಡವೇ ನುಡಿಸುವ ‘ರಾಕ್ ಬ್ಯಾಂಡ್’.

ನಮ್ಮ ಮನೆಗೆ ಬಂದದ್ದು ಸಿಂಗ್‌ಸ್ಟಾರ್. ದುಬಾಯಿಯಲ್ಲಿರುವ ಭಾವ ಹಳೆಯ ಪ್ಲೇಸ್ಟೇಷನ್ 2 ಒಂದನ್ನು ಊರಿಗೆ ತಂದರು. ಜೊತೆಗೆ ಒಂದು ಕೆಂಪು ಮೈಕು, ಒಂದು ನೀಲಿ ಮೈಕು. ಟಿ.ವಿ.ಯಲ್ಲಿ ಹಾಡು ಬರ್ತದೆ, ಕೆಳಗೆ ಸಾಹಿತ್ಯ ಓಡ್ತದೆ, ಮೇಲೆ ಸಣ್ಣ ದೊಡ್ಡ ಪಟ್ಟಿಗಳು. ಪಟ್ಟಿ ಮೇಲಿದ್ದರೆ ಸ್ವರ ಮೇಲೆ, ಕೆಳಗಿದ್ದರೆ ಕೆಳಗೆ. ಪಟ್ಟಿ ಎಷ್ಟು ಉದ್ದವೋ ಅಷ್ಟು ಹೊತ್ತು ಹಿಡಿದು ಹಾಡಬೇಕು. ಸರಿಯಾದರೆ ಪಟ್ಟಿ ತುಂಬ್ತದೆ, ಮಾರ್ಕು ಏರ್ತದೆ. ಪೂರ್ತಿ ಮಾರ್ಕು 10,000.

ಭಾವನ ವಾದ ಗಟ್ಟಿ. “ಕಂಪ್ಯೂಟರ್ ಅಂದ್ರೆ ಒಬ್ಬ ಕೂತ್ಕೊಳ್ಳುವ ಕುರ್ಚಿ ಮಾರಾಯ. ಮೇಜು ಗೋಡೆಗೆ ತಾಗಿ ಇರ್ತದೆ, ಆಡುವವನ ಬೆನ್ನು ಮನೆಯವರಿಗೆ. ಟಿ.ವಿ. ಹಾಗಲ್ಲ, ಚಾವಡಿಯಲ್ಲಿ ಇರ್ತದೆ. ಅಮ್ಮ ಅಡಕೆ ಹೋಳು ಮಾಡ್ತಾ ನೋಡಬಹುದು, ಮಕ್ಕಳು ನೆಲದಲ್ಲಿ ಕೂರಬಹುದು. ಹಾಡುವ ಆಟಕ್ಕೆ ಆಡುವವರಿಗಿಂತ ನೋಡುವವರು ಜಾಸ್ತಿ ಬೇಕು.”

ಇದಕ್ಕೆ ಎದುರು ಮಾತಿಲ್ಲ. ತಾಳಮದ್ದಳೆಯಾಗಲಿ ಭಜನೆಯಾಗಲಿ ನಾವು ಗೋಡೆಗೆ ಮುಖ ಮಾಡಿ ಕೂತು ಮಾಡಿದ್ದಿಲ್ಲ. ಇನ್ನೊಂದು ವಿಷಯವನ್ನೂ ಭಾವ ಹೇಳಿದರು. ಕನ್ಸೋಲು ಎಲ್ಲರ ಮನೆಯಲ್ಲಿಯೂ ಒಂದೇ, ಮೈಕೂ ಒಂದೇ. ಆಟ ಮಾಡಿದವನಿಗೆ ಅದರ ನಾಡಿ ಗೊತ್ತು. ಕಂಪ್ಯೂಟರ್ ಹಾಗಲ್ಲ, ಒಬ್ಬೊಬ್ಬರದ್ದು ಒಂದೊಂದು ತರ. ಮೈಕಿಗೆ ಹೇಳಿದ ಸ್ವರ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ತಡವಾದರೆ ಆಟವೇ ಕೆಟ್ಟಿತು. ಭಾಗವತರ ತಾಳಕ್ಕೆ ಮದ್ದಳೆಯ ಪೆಟ್ಟು ಒಂದು ಕೂದಲೆಳೆ ತಡವಾದರೂ ಹಿಂದಿನ ಸಾಲಿನವನಿಗೆ ಗೊತ್ತಾಗುವುದಿಲ್ಲವಾ, ಹಾಗೆ. ಟಿ.ವಿ.ಯೂ ಈ ವಿಷಯದಲ್ಲಿ ಪೂರ್ತಿ ಸಾಚಾ ಅಲ್ಲ. ಈಗಿನ ಚಪ್ಪಟೆ ಟಿ.ವಿ.ಗಳು ಚಿತ್ರವನ್ನು ಚಂದ ಮಾಡ್ಲಿಕ್ಕೆ ಹೋಗಿ ಸ್ವಲ್ಪ ತಡ ಮಾಡ್ತವೆ. ಅದಕ್ಕೇ ಗಿಟಾರಿನ ಆಟಗಳಲ್ಲಿ ಆ ತಡವನ್ನು ಅಳೆದು ಹೊಂದಿಸುವ ಏರ್ಪಾಡು ಇರುವುದು.

ನನ್ನ ಅಕ್ಕನ ಮಗ ಕಾಲೇಜು ಹುಡುಗ. ಅವನು ಅಪ್ಪನ ಮಾತು ಒಪ್ಪುವವನಲ್ಲ. “ಮಾವ, ಈ ಡಿಸ್ಕಿನಲ್ಲಿ ಒಂದು ಕನ್ನಡ ಹಾಡು ಉಂಟಾ? ತೋರಿಸಿ ನೋಡುವ” ಎಂದ. ಇರಲಿಲ್ಲ. ಅವರು ತಂದ ಡಿಸ್ಕುಗಳೆಲ್ಲ ಇಂಗ್ಲಿಷಿನವು. ಕನ್ಸೋಲಿನ ಬಾಗಿಲಿಗೆ ಬೀಗ ಇರ್ತದೆ, ಕೀಲಿ ಕಂಪೆನಿಯ ಕೈಯಲ್ಲಿ. ಅವರು ಹಕ್ಕು ಕೊಂಡುಕೊಂಡ ಹಾಡು ಮಾತ್ರ ಒಳಗೆ. ನಮ್ಮ ಹಾಡು ಹಾಕ್ಲಿಕ್ಕೆ ದಾರಿ ಇಲ್ಲ. ಆಮೇಲಿನ ಕನ್ಸೋಲುಗಳಲ್ಲಿ ಹಾಡುಗಳನ್ನು ನೆಟ್ಟಿನಿಂದ ಕೊಳ್ಳುವ ವ್ಯವಸ್ಥೆ ಬಂತು. ಆದರೆ ಸಿಂಗ್‌ಸ್ಟಾರಿನ ಆ ಅಂಗಡಿಯನ್ನು 2020ರ ಜನವರಿ ಕೊನೆಗೆ ಮುಚ್ಚಿಬಿಟ್ಟರು. ಅಂಗಡಿಯವನು ಶಟರ್ ಎಳೆದ ಮೇಲೆ ಗಿರಾಕಿ ಏನು ಮಾಡ್ತಾನೆ?

ಕಂಪ್ಯೂಟರಿನ ಕಥೆ ಬೇರೆ. ಕಂಪೆನಿಗಳು ಅದರ ಕಡೆ ಹೆಚ್ಚು ತಿರುಗಿ ನೋಡಲಿಲ್ಲ. 2007ರ ಮೂರನೆಯ ಗಿಟಾರ್ ಹೀರೋ ಕಂಪ್ಯೂಟರಿಗೂ ಬಂದದ್ದು ಹೌದು. ರಾಕ್ ಬ್ಯಾಂಡ್ ಬರಲಿಲ್ಲ. 2016ರಲ್ಲಿ ಅದನ್ನು ಮಾಡಿದ ಹಾರ್ಮೋನಿಕ್ಸ್ ಕಂಪೆನಿ ರಾಕ್ ಬ್ಯಾಂಡ್ 4ನ್ನು ಕಂಪ್ಯೂಟರಿಗೆ ತರ್ತೇವೆ, ಜನರು ಮುಂಗಡ ಹಣ ಕೊಡಿ ಎಂದು 15 ಲಕ್ಷ ಡಾಲರ್ ಕೇಳಿತು. ಒಟ್ಟಾದದ್ದು ಹೆಚ್ಚುಕಡಿಮೆ ಅರ್ಧ. ಕೆಲಸ ಅಲ್ಲಿಗೇ ನಿಂತಿತು. ವ್ಯಾಪಾರದ ಲೆಕ್ಕದಲ್ಲಿ ಭಾವನೇ ಗೆದ್ದರು ಎನ್ನಬೇಕು.

ಆದರೆ ವ್ಯಾಪಾರಿಗಳು ಬಿಟ್ಟ ಜಾಗದಲ್ಲಿ ಹವ್ಯಾಸಿಗಳು ಬೇಸಾಯ ಮಾಡಿದರು. ಕುಣಿಯುವ ಆಟಕ್ಕೆ ‘ಸ್ಟೆಪ್‌ಮೇನಿಯಾ’ ಬಂತು. 2006ರಲ್ಲಿ ಫಿನ್ಲೆಂಡಿನ ಹುಡುಗರು ‘ಫ್ರೆಟ್ಸ್ ಆನ್ ಫಯರ್’ ಎಂಬುದನ್ನು ಮಾಡಿದರು. ಅದಕ್ಕೆ ಪ್ಲಾಸ್ಟಿಕ್ ಗಿಟಾರೂ ಬೇಡ, ಕಂಪ್ಯೂಟರಿನ ಕೀಲಿಮಣೆಯನ್ನೇ ಎತ್ತಿ ಗಿಟಾರಿನ ಹಾಗೆ ಹಿಡಿದು ನುಡಿಸುವುದು! ಸಿಂಗ್‌ಸ್ಟಾರಿನ ಮಾದರಿಯಲ್ಲಿ ‘ಅಲ್ಟ್ರಾಸ್ಟಾರ್ ಡಿಲಕ್ಸ್’ ಎಂಬುದು ತಯಾರಾಯಿತು. ಈ ಮೂರಕ್ಕೂ ಹಣ ಇಲ್ಲ, ಬೀಗವೂ ಇಲ್ಲ. ನಮ್ಮ ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವ ಲಿನಕ್ಸಿನಲ್ಲಿಯೂ ಅವು ನಡೀತವೆ. ಐ.ಟಿ. ಪಾಠ ಮಾಡುವ ಮಾಷ್ಟ್ರುಗಳಿಗೆ ಸ್ವತಂತ್ರ ತಂತ್ರಾಂಶ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ.

ಅಕ್ಕನ ಮಗ ಒಂದು ಮಧ್ಯಾಹ್ನ ಕನ್ಸೋಲಿನ ಮೈಕುಗಳ ವಯರನ್ನು ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಯು.ಎಸ್.ಬಿ. ಅಲ್ಲವಾ, ಕಂಪ್ಯೂಟರು ಅದನ್ನು ಬಲ ಎಡ ಎರಡು ಧ್ವನಿಯಾಗಿ ಗುರುತಿಸಿತು. ಒಂದು ಕಡೆ ಕೆಂಪು, ಒಂದು ಕಡೆ ನೀಲಿ. ಲ್ಯಾಪ್‌ಟಾಪಿನಿಂದ ಟಿ.ವಿ.ಗೆ ಒಂದು ಎಚ್.ಡಿ.ಎಂ.ಐ. ವಯರು. ಅಲ್ಲಿಗೆ ಮೈಕು ಕನ್ಸೋಲಿನದ್ದು, ಬುದ್ಧಿ ಕಂಪ್ಯೂಟರಿನದ್ದು, ಮುಖ ಟಿ.ವಿ.ಯದ್ದು, ಜಾಗ ಚಾವಡಿಯದ್ದು. ಅಪ್ಪ ಮಗ ಇಬ್ಬರೂ ಸುಮ್ಮನಾದರು.

ಈಗ ಬಂತು ದೊಡ್ಡ ಪ್ರಶ್ನೆ: ಹಾಡ್ಲಿಕ್ಕೆ ಯಾವ ಹಾಡು?

ನನ್ನ ಅಮ್ಮನಿಗೆ ಶೋಭಾನೆ ಬರ್ತದೆ. ಮೊದಲೆಲ್ಲ ಮದುವೆ ಮನೆಯಲ್ಲಿ ಒಬ್ಬಳು ಎತ್ತಿಕೊಟ್ಟರೆ ಉಳಿದ ಹೆಂಗಸರು ಸೇರಿ ಹೇಳುವುದು. ಯೋಚಿಸಿ ನೋಡಿದರೆ ನಾಲ್ಕು ಜನ ಸೇರಿ ಹಾಡುವ ಆಟ ನಮ್ಮಲ್ಲಿ ಮೊದಲೇ ಇತ್ತು. ಈಗ ಮದುವೆ ಹಾಲಿನಲ್ಲಿ, ಹಾಡು ಸ್ಪೀಕರಿನಲ್ಲಿ. ಅಮ್ಮನ ಶೋಭಾನೆ ಪುಸ್ತಕದಲ್ಲಿಲ್ಲ, ಅವರ ಅಮ್ಮ ಹೇಳಿಕೊಟ್ಟದ್ದು. ಅದನ್ನೇ ಹಾಕುವ ಎಂದು ನಾನೇ ಹೇಳಿದೆ. ಮೊಬೈಲಿನಲ್ಲಿ ಅಮ್ಮನ ಹಾಡು ರೆಕಾರ್ಡ್ ಮಾಡಿಕೊಂಡೆವು.

ಅಲ್ಟ್ರಾಸ್ಟಾರಿಗೆ ಹಾಡು ಹಾಕುವ ಕ್ರಮ ಬಹಳ ಸರಳ, ಆದರೆ ತಾಳ್ಮೆ ಬೇಕು. ಹಾಡಿನ ಫೈಲು, ಅದರ ಜೊತೆ ಒಂದು ಬರಹದ ಫೈಲು. ಬರಹದಲ್ಲಿ ಒಂದೊಂದು ಉಚ್ಚಾರಕ್ಕೆ ಒಂದೊಂದು ಗೆರೆ: ಎಷ್ಟನೆಯ ಪೆಟ್ಟಿಗೆ ಶುರು, ಎಷ್ಟು ಪೆಟ್ಟು ಉದ್ದ, ಯಾವ ಸ್ವರ, ಯಾವ ಅಕ್ಷರ. ಸ್ವರಕ್ಕೆ ಸಂಖ್ಯೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಹೋದರೆ, ಕಪ್ಪು ಬಿಳಿ ಎಲ್ಲ ಸೇರಿಸಿ, ಒಂದು ಸಂಖ್ಯೆ ಹೆಚ್ಚು. ಭಜನಾ ಮಂದಿರದ ಹಾರ್ಮೋನಿಯಂ ತಂದು ಅಕ್ಕನ ಮಗ ಸ್ವರ ಹುಡುಕಿದ. ಅಕ್ಷರ ಒಡೆಯುವ ಕೆಲಸ ನನ್ನ ಮಗಳಿಗೆ.

ಅವಳು ಓದುವುದು ಇಂಗ್ಲಿಷ್ ಮೀಡಿಯಂ, ಎಂಟನೆಯ ತರಗತಿ. ಮನೆಯಲ್ಲಿ ಕನ್ನಡ ಮಾತಾಡ್ತಾಳೆ, ಓದುವಾಗ ತಡವರಿಸ್ತಾಳೆ. ಲಘು ಗುರು ಎಂದು ನಾನು ಹಿಂದೆ ಶುರು ಮಾಡಿದಾಗಲೆಲ್ಲ “ನಂಗೆ ಅದು ಪರೀಕ್ಷೆಗಿಲ್ಲ ಅಪ್ಪಾ” ಎಂದು ಎದ್ದು ಹೋದವಳು. ಈಗ ಅವಳೇ ಬಂದು ಕೇಳಿದಳು: “ಅಪ್ಪಾ, ‘ಅಮ್ಮ’ ಅನ್ನುವಾಗ ಎರಡೇ ಅಕ್ಷರ. ಆದ್ರೆ ‘ಅ’ದಲ್ಲಿ ಅಜ್ಜಿ ಯಾಕೆ ಜಾಸ್ತಿ ಹೊತ್ತು ನಿಲ್ತಾರೆ?” ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು ಮಾತ್ರೆ ಎಂದೆ. “ಅಷ್ಟೆಯಾ?” ಎಂದಳು. ಮಾತ್ರೆ ಎಂಬುದು ಪುಸ್ತಕದಲ್ಲಿ ಹಾಕುವ ಗೀಟಲ್ಲ, ಬಾಯಿ ನಿಲ್ಲುವ ಹೊತ್ತು ಎಂದು ಅವಳಿಗೆ ತಿಳಿದದ್ದು ಆವತ್ತು. ಹಾಡುವಾಗ ಲಘುವೂ ಉದ್ದ ಆಗ್ತದೆ, ಗುರುವೂ ಕುಗ್ತದೆ ಎಂಬುದನ್ನು ಆಮೇಲೆ ಅವಳೇ ನನಗೆ ತೋರಿಸಿದಳು. ಛಂದಸ್ಸಿನ ಪಾಠ ಮಾಡುವ ಕನ್ನಡ ಮಾಷ್ಟ್ರುಗಳು ಇದನ್ನು ದಯವಿಟ್ಟು ಗಮನಿಸಿ.

ಒಂದು ಸಂಕಟವೂ ಇತ್ತು. ಭಾವನ ಸಣ್ಣ ಮಕ್ಕಳಿಗೆ ಕನ್ನಡ ಲಿಪಿ ಬರುವುದಿಲ್ಲ. ಅವರಿಗಾಗಿ ಪರದೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಯಿತು. ನಾನು ದೊಡ್ಡ ಕನ್ನಡ ಅಕ್ಷರದಲ್ಲಿ ಅದೇ ಹಾಡನ್ನು ಬರೆದು ಟಿ.ವಿ.ಯ ಪಕ್ಕದ ಗೋಡೆಗೆ ಅಂಟಿಸಿದೆ. ಯಾರಿಗೆ ಯಾವುದು ಬೇಕೋ ನೋಡಲಿ ಎಂದು.

ದೀಪಾವಳಿಯ ರಾತ್ರಿ ಅಮ್ಮನ ಕೈಗೆ ಕೆಂಪು ಮೈಕು ಕೊಟ್ಟೆವು. ನೀಲಿ ಮೈಕು ಮೊಮ್ಮಗಳದ್ದು. ಅಮ್ಮ ಪರದೆ ನೋಡಲಿಲ್ಲ, ಕಣ್ಣು ಮುಚ್ಚಿ ಹೇಳಿದರು. ಮೊಮ್ಮಗಳು ಪಟ್ಟಿ ನೋಡ್ತಾ ಹೇಳಿದಳು. ಕೊನೆಗೆ ಮಾರ್ಕು ಬಂದಾಗ ಮೊಮ್ಮಗಳಿಗೆ ಜಾಸ್ತಿ, ಅಮ್ಮನಿಗೆ ಕಡಿಮೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಕ್ಕರು. “ಎಂಥ ಮಗಾ, ನನ್ನ ಹಾಡನ್ನು ನಾನೇ ತಪ್ಪು ಹೇಳಿದ್ದಂತಾ?” ಎಂದು ಅಮ್ಮ ನನ್ನನ್ನು ಕೇಳಿದರು.

ತಪ್ಪು ಹೇಳಿರಲಿಲ್ಲ. ಯಂತ್ರ ಒಂದು ಉಚ್ಚಾರಕ್ಕೆ ಒಂದು ಸ್ವರ ಎಂದು ಲೆಕ್ಕ ಹಾಕ್ತದೆ. ನಮ್ಮ ಹಾಡಿಕೆಯಲ್ಲಿ ಸ್ವರ ಒಂದು ಕಡೆ ನಿಲ್ಲುವುದಿಲ್ಲ, ಮೇಲಿನಿಂದ ಜಾರ್ತದೆ, ಕೆಳಗಿನಿಂದ ಎಳೀತದೆ, ತೂಗ್ತದೆ. ಹಾಗೆ ತೂಗಿದಷ್ಟೂ ಮಾರ್ಕು ಕಳೀತದೆ. ಅದೂ ಅಲ್ಲದೆ ಅಮ್ಮ ರೆಕಾರ್ಡ್ ಮಾಡಿದ ದಿನ ಹೇಳಿದ ಹಾಗೆ ಇವತ್ತು ಹೇಳಲಿಲ್ಲ, ಯಾವತ್ತೂ ಹೇಳುವುದಿಲ್ಲ. ಮಕ್ಕಳಿಗೆ ಇದನ್ನು ಹಾರ್ಮೋನಿಯಂ ಇಟ್ಟುಕೊಂಡೇ ತೋರಿಸಿದೆ: ಅಜ್ಜಿ ನಿಲ್ಲುವ ಜಾಗ ಈ ಮನೆಗೂ ಆ ಮನೆಗೂ ನಡುವೆ ಉಂಟು, ಅದಕ್ಕೆ ಪೆಟ್ಟಿಗೆಯಲ್ಲಿ ಕೀಲಿಯೇ ಇಲ್ಲ. ಆಮೇಲೆ ಮಗಳು ಅಜ್ಜಿಯ ಹತ್ತಿರ ಕೂತು ಆ ಜಾರುವ ಜಾಗವನ್ನು ಹತ್ತು ಸಲ ಹೇಳಿಸಿಕೊಂಡಳು. ಮಾರ್ಕು ಹೋದರೂ ಹೋಗಲಿ ಎಂದು ಹಾಗೆಯೇ ಹಾಡಿದಳು. ಅವಳ ಮಾರ್ಕೂ ಇಳಿಯಿತು. ಅಮ್ಮನಿಗೆ ಭಾರೀ ಖುಷಿ.

ಇನ್ನೊಂದನ್ನು ನಾನು ಗಮನಿಸಿದೆ. ಯಂತ್ರ ಸ್ವರವನ್ನು ಕೇಳ್ತದೆ, ಮಾತನ್ನು ಕೇಳುವುದಿಲ್ಲ. ಸರಿಯಾದ ಸ್ವರದಲ್ಲಿ ಬರೀ “ಲಾ ಲಾ” ಎಂದರೂ ಅದು ಮಾರ್ಕು ಕೊಡ್ತದೆ. ಭಾವನ ಸಣ್ಣ ಹುಡುಗ ಇದನ್ನು ಬೇಗ ಕಂಡುಹಿಡಿದ. ಹಾಗಾಗಿ ಆಟವೇ ಕನ್ನಡ ಉಳಿಸ್ತದೆ ಎಂದು ನಾನು ಹೇಳುವುದಿಲ್ಲ. “ಲಾ ಲಾ ಅಲ್ಲ ಮಗಾ, ಬಾಯಿ ಬಿಟ್ಟು ಮಾತು ಹೇಳು” ಎಂದು ಹೇಳ್ಲಿಕ್ಕೆ ಪಕ್ಕದಲ್ಲಿ ಒಂದು ಅಜ್ಜಿ ಬೇಕು. ಕಂಪ್ಯೂಟರು ಕೋಣೆಯ ಮೇಜಿನಲ್ಲಿದ್ದರೆ ಆ ಅಜ್ಜಿ ಅಲ್ಲಿ ಇರುವುದಿಲ್ಲ. ಚಾವಡಿಯ ಕನ್ಸೋಲಿನಲ್ಲಿ ಅಜ್ಜಿ ಇದ್ದರೂ ಅವರ ಹಾಡು ಇರುವುದಿಲ್ಲ.

ಹಾಗಾದರೆ ನನ್ನ ಉತ್ತರ ಇಷ್ಟು. ಹಾಡುವ ಆಟದ ಜಾಗ ಚಾವಡಿ, ಅದರಲ್ಲಿ ಭಾವನ ಮಾತು ಸರಿ. ಆದರೆ ಅದರ ಹೊಟ್ಟೆಯೊಳಗೆ ಇರಬೇಕಾದದ್ದು ಬೀಗ ಇಲ್ಲದ ಕಂಪ್ಯೂಟರು, ಅದರಲ್ಲಿ ಹುಡುಗನ ಮಾತು ಸರಿ. ದೊಡ್ಡ ಭಾಷೆಯವರಿಗೆ ಯಾರಾದರೂ ಡಿಸ್ಕ್ ಮಾಡಿ ಮಾರ್ತಾರೆ. ಗಡಿಯಲ್ಲಿ ಕೂತ ನಮಗೆ ಯಾರೂ ಮಾಡಿ ಕೊಡುವುದಿಲ್ಲ, ನಾವೇ ಒಂದೊಂದು ಅಕ್ಷರ ಒಡೆದು ಬರೆದುಕೊಳ್ಳಬೇಕು. ಬರೆಯುವ ಆ ಕೆಲಸವೇ ಆಟಕ್ಕಿಂತ ದೊಡ್ಡ ಲಾಭ ಎಂದು ನನಗೆ ಅನಿಸ್ತದೆ.

ನಮ್ಮ ವಾಚನಾಲಯದಲ್ಲಿ ಒಂದು ಕಂಪ್ಯೂಟರು ಉಂಟು, ಗೋಡೆಯಲ್ಲಿ ಒಂದು ಟಿ.ವಿ. ಉಂಟು. ಹೊಸ ಪೆಟ್ಟಿಗೆ ಕೊಳ್ಳುವುದು ಬೇಡ, ಎರಡು ಮೈಕು ಸಾಕು. ಓದುವ ಜಾಗದಲ್ಲಿ ಗಲಾಟೆ ಎಂದು ಕೆಲವರು ಹೇಳಬಹುದು. ಓದುವ ಹೊತ್ತು ಮುಗಿದ ಮೇಲೆ, ತಿಂಗಳಿಗೆ ಒಂದು ಭಾನುವಾರ ಸಂಜೆ ಮಾಡುವ. ಜೂನ್ 19ರ ವಾಚನ ದಿನದ ಒಳಗೆ ಊರಿನ ಐದು ಹಾಡುಗಳನ್ನು ಮಕ್ಕಳಿಂದ ಬರೆಯಿಸುವ ಎಂದು ನಾನು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ. ಹಾಡು ಬರುವ ಅಜ್ಜಿಯರು, ಅಮ್ಮಂದಿರು ಯಾರ ಮನೆಯಲ್ಲಿ ಇದ್ದಾರೋ ಅವರು ದಯವಿಟ್ಟು ತಿಳಿಸಿ. ಮೊಬೈಲು ಹಿಡಿದುಕೊಂಡು ನಾವೇ ಅಲ್ಲಿಗೆ ಬರ್ತೇವೆ.