ಕದ್ ಬೇರೆ, ಕಾಠಿ ಬೇರೆ

ಉರ್ದುವಿನಲ್ಲಿ ‘ಕದ್-ಕಾಠಿ’ ಎಂಬ ಜೋಡುಪದವಿದೆ. ಕದ್ ಎಂದರೆ ಎತ್ತರ, ಕಾಠಿ ಎಂದರೆ ಮೈಕಟ್ಟು. ಹೆಣ್ಣು-ಗಂಡು ನೋಡಲು ಹೋದವರ ಬಾಯಲ್ಲಿ ಇದು ಹೆಚ್ಚು ಕೇಳಿಬರುತ್ತದೆ. ನಾನು ಮೊದಲು ಕೇಳಿದ್ದು ಮಾತ್ರ ತ್ಯಾವಣಿಗೆಯಲ್ಲಿ ಆಡು-ಕುರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾಮೂ ಬಾಯಲ್ಲಿ. ಬಕ್ರೀದ್ ಹತ್ತಿರ ಬಂದರೆ ಜನ ಅವರನ್ನು ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಕೊಳ್ಳುವವರ ಕಣ್ಣು ಹೋತದ ಕೊಂಬಿನ ಮೇಲೆ, ಎತ್ತರದ ಮೇಲೆ. ಮಾಮೂ ಕೈ ಅದರ ಬೆನ್ನಿನ ಮೇಲೆ, ತೊಡೆಯ ಮೇಲೆ. ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡುವುದು, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಕುಂಟುವ ಪ್ರಾಣಿ ಕುರ್ಬಾನಿಗೆ ಸಲ್ಲುವುದಿಲ್ಲ. ಹಾಗಾಗಿ ನಡಿಗೆಯನ್ನು ನೋಡದೆ ಅವರು ಬೆಲೆಯ ಮಾತು ಎತ್ತುತ್ತಿರಲಿಲ್ಲ.

ಇಂಥ ಮಾಮೂಗೆ ಒಮ್ಮೆ ನಾಯಿ ನೋಡುವ ಕೆಲಸ ಬಂತು. ಭದ್ರಾ ನಾಲೆಯ ನೀರು, ಅಡಿಕೆಯ ಧಾರಣೆ ಎರಡೂ ಕೈಹಿಡಿದಿದ್ದ ಕಾಲ. ತೋಟದ ಗೌಡರೊಬ್ಬರು ಬೆಂಗಳೂರಿನಿಂದ ಗ್ರೇಟ್ ಡೇನ್ ಮರಿ ತಂದಿದ್ದರು. ನಾಯಿಯ ವಿಷಯಕ್ಕೆ ಸಾಬರನ್ನು ಕರೆಸಿದರೆಂದು ಕೆಲವರು ನಕ್ಕರು. ನಮ್ಮ ಮನೆಗಳಲ್ಲಿ ನಾಯಿ ಸಾಕುವುದು ಕಡಿಮೆ, ನಿಜ. ಆದರೆ ಬಾವಿಗಿಳಿದು ಬೂಟಿನಲ್ಲಿ ನೀರು ತುಂಬಿ ತಂದು ಬಾಯಾರಿದ ನಾಯಿಗೆ ಕುಡಿಸಿದವನ ಕಥೆಯನ್ನು ಮದ್ರಸದಲ್ಲಿ ಕೇಳಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ?

“ಸಾಬ್ರೇ, ಹೆಂಗೈತೆ ನಮ್ ಹುಡ್ಗ? ಆರು ತಿಂಗಳಿಗೇ ನನ್ ತೊಡೆ ದಾಟೈತೆ,” ಎಂದರು ಗೌಡರು. ಮರಿಗೆ ದಿನಾ ಹಾಲು, ಮೊಟ್ಟೆ, ಮಾಂಸ, ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್. ಮಾಮೂ ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು, ನಡೆಸಿ ನೋಡಿದರು. ಮುಂಗಾಲಿನ ಪಾದಗಳು ಹೊರಕ್ಕೆ ತಿರುಗಿದ್ದವು, ಗಿಣ್ಣುಗಳು ಊದಿದ್ದವು. “ಗೌಡ್ರೇ, ಮಾಳಿಗೆ ಏರಿಸೀರಿ, ಕಂಬ ಇನ್ನೂ ಹಸಿ ಐತೆ,” ಎಂದರು.

ಮಾಮೂ ಓದಿದವರಲ್ಲ. ಆದರೆ ಅವರು ಹೇಳಿದ್ದನ್ನೇ ವಿಜ್ಞಾನಿಗಳು ಈ ತಳಿಯ ಮರಿಗಳ ಮೇಲೆಯೇ ಪ್ರಯೋಗ ಮಾಡಿ ಹೇಳಿದ್ದಾರೆ. 1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ, 1980ರ ದಶಕದಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಿಂದ ಬಂದ ಅಧ್ಯಯನಗಳು ಅವು. ಹೊಟ್ಟೆ ತುಂಬ ತಿನ್ನಿಸಿ ಬೇಗ ಬೆಳೆಸಿದ ಮರಿಗಳ ಮೂಳೆ-ಕೀಲುಗಳು ಕೆಟ್ಟವು. ಹೆಚ್ಚು ಕ್ಯಾಲ್ಸಿಯಂ ಕೊಟ್ಟ ಮರಿಗಳ ಮೂಳೆ ಗಟ್ಟಿಯಾಗುವ ಬದಲು ಸೊಟ್ಟಗಾದವು. ಎಳೆಯ ಮರಿಯ ಕರುಳಿಗೆ ಬೇಡದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇರುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದೇ ಕಾಲು ಮುರಿಯುತ್ತದೆ.

ಹಾಗಾದರೆ ದೈತ್ಯ ನಾಯಿಯ ಅಳತೆ ನೋಡುವುದು ಹೇಗೆ? ತಲೆಯಿಂದ ಅಳೆಯುವಂತಿಲ್ಲ. ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಕತ್ತು ಬೆನ್ನಿಗೆ ಸೇರುವಲ್ಲಿ ಹೆಗಲಿನ ಎತ್ತರದ ಬಿಂದುವಿನಿಂದ ನೆಲಕ್ಕೆ ಅಳೆಯಬೇಕು. ಗ್ರೇಟ್ ಡೇನ್ ಹೆಸರಿನಲ್ಲಿ ಡೆನ್ಮಾರ್ಕ್ ಇದ್ದರೂ ಅದು ಜರ್ಮನಿಯ ತಳಿ. ಅಂತಾರಾಷ್ಟ್ರೀಯ ನಾಯಿ ಒಕ್ಕೂಟದ ಲೆಕ್ಕದಲ್ಲಿ ಗಂಡು 80ರಿಂದ 90 ಸೆಂಟಿಮೀಟರ್, ಹೆಣ್ಣು 72ರಿಂದ 84. ಗಮನಿಸಬೇಕಾದ್ದು, ಕನಿಷ್ಠದಂತೆ ಗರಿಷ್ಠವನ್ನೂ ಬರೆದಿದ್ದಾರೆ. ಎದೆಯಿಂದ ಪೃಷ್ಠದವರೆಗಿನ ಉದ್ದ ಹೆಚ್ಚುಕಡಿಮೆ ಎತ್ತರಕ್ಕೆ ಸಮನಾಗಿರಬೇಕು, ಅಂದರೆ ಬದಿಯಿಂದ ನೋಡಿದರೆ ಚೌಕ. ಎದೆ ಮೊಣಕೈಯವರೆಗೆ ಇಳಿದಿರಬೇಕು. ಕಾಲು ಮಾತ್ರ ಉದ್ದವಾಗಿ ಎದೆ ಮೇಲೆಯೇ ನಿಂತರೆ ಅದು ದೊಡ್ಡ ನಾಯಿಯಲ್ಲ, ಎತ್ತರದ ಮಂಚ. ದಪ್ಪ ಚರ್ಮ, ಕೊಬ್ಬು, ನೆಲಮಟ್ಟದಿಂದ ತೆಗೆದ ಫೋಟೋ, ಪಕ್ಕದಲ್ಲಿ ನಿಲ್ಲಿಸಿದ ಪುಟ್ಟ ಮಗು, ಇವೆಲ್ಲ ಕಣ್ಣಿಗೆ ಮಣ್ಣೆರಚುತ್ತವೆ. ಕೊನೆಯ ಸಾಕ್ಷಿ ನಡಿಗೆಯೇ.

ಎತ್ತರವೊಂದನ್ನೇ ಬೆನ್ನಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಗಿನ್ನೆಸ್ ದಾಖಲೆಗಳನ್ನೇ ನೋಡಬಹುದು. ಅಮೆರಿಕದ ಮಿಚಿಗನ್‌ನ ಜ್ಯೂಸ್ ಎಂಬ ಗ್ರೇಟ್ ಡೇನ್ 111.8 ಸೆಂಟಿಮೀಟರ್ ಎತ್ತರವಿತ್ತು. 2014ರಲ್ಲಿ ಸತ್ತಾಗ ಅದಕ್ಕೆ ಐದು ವರ್ಷ. ಟೆಕ್ಸಾಸ್‌ನ ಇನ್ನೊಂದು ಜ್ಯೂಸ್ 2023ರಲ್ಲಿ ಮೂರನೇ ವರ್ಷಕ್ಕೇ ಹೋಯಿತು. ಅಯೋವಾದ ಕೆವಿನ್ 2024ರಲ್ಲಿ ದಾಖಲೆ ಪ್ರಕಟವಾದ ಕೆಲವೇ ದಿನಗಳಲ್ಲಿ ಸತ್ತಿತು. ಅದಕ್ಕೂ ಮೂರೇ ವರ್ಷ. ಪ್ರಮಾಣ ಸರಿಯಿದ್ದರೂ ಈ ತಳಿಯ ಆಯುಷ್ಯ ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷ. ಆಳವಾದ ಎದೆಯೊಳಗೆ ಜಠರ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಮರಿ ಕೊಳ್ಳುವವರು “ಅಪ್ಪ ಎಷ್ಟು ಎತ್ತರ?” ಎಂದು ಕೇಳುತ್ತಾರೆ. “ಅಜ್ಜ ಎಷ್ಟು ವರ್ಷ ಬದುಕಿದ?” ಎಂದು ಕೇಳುವವರು ಎಷ್ಟು ಜನ?

ಗೌಡರ ಮರಿಗೆ ಪಶುವೈದ್ಯರು ಟಾನಿಕ್ ನಿಲ್ಲಿಸಿದರು, ಊಟ ಇಳಿಸಿದರು. ಊತ ಇಳಿಯಿತು, ಕಾಲು ಮಾತ್ರ ಪೂರ್ತಿ ನೇರವಾಗಲಿಲ್ಲ. ಅದು ಐದು ವರ್ಷ ಬದುಕಿತು. ನೆಂಟರು ಬಂದರೆ ಅದನ್ನು ಎಬ್ಬಿಸಿ ನಿಲ್ಲಿಸಿ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಏಳುವಾಗ ಅದು ನರಳುವುದನ್ನು ಕೇಳಲಾರದೆ ಗೌಡರೇ ಆಮೇಲೆ ಅದನ್ನು ನಿಲ್ಲಿಸಿಬಿಟ್ಟರು.

ಆಮೇಲೆ ಅವರು ತಂದದ್ದು ಮುಧೋಳ ನಾಯಿ. ಬಾಗಲಕೋಟೆ ಸೀಮೆಯ ಈ ಬೇಟೆನಾಯಿಯ ಎತ್ತರ 70 ಸೆಂಟಿಮೀಟರ್ ಆಸುಪಾಸು. 2005ರಲ್ಲಿ ಅಂಚೆ ಇಲಾಖೆ ನಾಯಿಗಳ ಚೀಟಿ ತಂದಾಗ ಅದರಲ್ಲಿ ಇದಕ್ಕೂ ಜಾಗ ಸಿಕ್ಕಿತು. ಆಳವಾದ ಎದೆ, ಒಳಸೇರಿದ ಹೊಟ್ಟೆ, ಚರ್ಮದಡಿ ಕಾಣುವ ಪಕ್ಕೆಲುಬು. ಓಡಲೆಂದೇ ಕಟ್ಟಿದ ಮೈ. ಅದನ್ನು ನೋಡಿ ಯಾರೋ, “ಏನ್ ಗೌಡ್ರೇ, ಊಟ ಹಾಕಲ್ವಾ ಇದಕ್ಕೆ?” ಎಂದರಂತೆ.

“ಹಾಕ್ತೀನಪ್ಪಾ,” ಎಂದರಂತೆ ಗೌಡರು. “ಅದರ ಅಳತೇನೇ ಅಷ್ಟು.”