ಲೋಟದ ತಳದ ಕರಿಮುತ್ತು

ಚಹಾ ಬರಿಯ ಕುಡಿಯುವ ವಸ್ತುವಲ್ಲ, ಅಗಿಯುವ ವಸ್ತುವೂ ಹೌದೆಂದು ಸೀವುಡ್ಸ್‌ನ ಮಕ್ಕಳು ಈಗ ಹಿರಿಯರಿಗೆ ಪಾಠ ಹೇಳುತ್ತಿದ್ದಾರೆ. ಸಂಜೆ ಸ್ಟೇಷನ್ ಕಡೆ ಹೊರಟರೆ ಸಾಕು, ಹುಡುಗ ಹುಡುಗಿಯರ ಕೈಯಲ್ಲಿ ಬಾಯಿ ಮೊಹರು ಮಾಡಿದ ದೊಡ್ಡ ಲೋಟ, ಅದಕ್ಕೆ ಚುಚ್ಚಿದ ದಪ್ಪ ನಳಿಕೆ, ತಳದಲ್ಲಿ ಕರಿಯ ಗೋಲಿಗಳು. ಇದರ ಹೆಸರು ಬಬಲ್ ಟೀ; ಬೋಬಾ ಎಂದೂ ಕರೆಯುತ್ತಾರೆ. ಡೊಂಬಿವಲಿಯಲ್ಲಿ ಕಟಿಂಗ್ ಚಹಾದ ಮೇಲೆ ಸಂಸಾರ ಹೂಡಿ ಇಲ್ಲಿಗೆ ಬಂದವರು ನಾವು. ಲೋಟ ಮನೆಯೊಳಗೆ ಬಂದ ದಿನವೇ ವಿಚಾರಣೆ ಶುರುವಾಯಿತು. ಗೋಲಿ ಯಾವುದರದು? ರಬ್ಬರಿನದೇ? ಏನಾದರೂ ಮೀನು ಮಾಂಸದ ಸಂಬಂಧವಿದೆಯೇ? ಕೊನೆಯ ಪ್ರಶ್ನೆ ಅಜ್ಜಿಯದು. ಒಂಬತ್ತನೆಯ ತರಗತಿಯ ಮಗನಿಗೆ ಉತ್ತರ ಗೊತ್ತಿರಲಿಲ್ಲ. ನಾಲ್ಕು ವರ್ಷದ ಪುಟ್ಟಿಗೆ ಉತ್ತರ ಬೇಕಿರಲಿಲ್ಲ, ಲೋಟ ಬೇಕಿತ್ತು.

ವಿಚಾರಿಸಿದಾಗ ತಿಳಿದದ್ದು ಸೋಜಿಗ. ಆ ಕರಿಮುತ್ತು ನಮ್ಮ ಸಬ್ಬಕ್ಕಿಯ ಒಡಹುಟ್ಟು. ಎರಡೂ ಮರಗೆಣಸಿನ ಹಿಟ್ಟಿನವು. ಗೆಣಸನ್ನು ಅರೆದು, ಸೋಸಿ, ತಿಳಿ ನಿಲ್ಲಿಸಿದರೆ ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ. ಒದ್ದೆ ಪಿಷ್ಟವನ್ನು ಕುಲುಕಿ ಕಾಳುಗಟ್ಟಿಸಿ, ಬಿಸಿ ಮಾಡಿ ಒಣಗಿಸಿದರೆ ಸಬ್ಬಕ್ಕಿ. ಅದೇ ಪಿಷ್ಟಕ್ಕೆ ಕಂದು ಸಕ್ಕರೆ, ಕುದಿನೀರು ಹಾಕಿ ನಾದಿ ಉಂಡೆಮಾಡಿದರೆ ಬೋಬಾ. ಬಣ್ಣ ಹೆಚ್ಚಾಗಿ ಸಕ್ಕರೆಯದು, ಇಲ್ಲವೆ ಕ್ಯಾರಮೆಲ್‌ನದು.

ಮರಗೆಣಸಾದರೂ ನಮ್ಮದೇನಲ್ಲ, ದಕ್ಷಿಣ ಅಮೆರಿಕದ್ದು. ಪೋರ್ಚುಗೀಸರ ಹಡಗು ಹತ್ತಿ ಬಂದು ಕೇರಳದಲ್ಲಿ ಬೇರೂರಿತು. ಇಂದು ಸಬ್ಬಕ್ಕಿಗೆ ತಮಿಳುನಾಡಿನ ಸೇಲಂ ಹೆಸರುವಾಸಿ. ಅಲ್ಲಿಯ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಮಜಾ ನೋಡಿ, ಊರಿನಲ್ಲಿ ಅಜ್ಜಿಯ ತವರುಮನೆಯಲ್ಲಿ ಏಕಾದಶಿಯೆಂದರೆ ನಿಟ್ಟುಪವಾಸ. ಸಬ್ಬಕ್ಕಿ ಬರುತ್ತಿದ್ದುದು ಪಾಯಸಕ್ಕೆ, ಬೇಸಗೆಯಲ್ಲಿ ಸಂಡಿಗೆಗೆ. ಉಪವಾಸದ ದಿನ ಸಾಬುದಾಣಾ ಖಿಚಡಿ ತಿನ್ನಬಹುದೆಂದು ಅವರು ಕಲಿತದ್ದು ಡೊಂಬಿವಲಿಯ ಮರಾಠಿ ನೆರೆಯವರಿಂದ. ಅಮೆರಿಕದ ಗೆಣಸು ಮಹಾರಾಷ್ಟ್ರದ ಫಳಾರವಾಗಿ ಕನ್ನಡದ ಅಡಿಗೆಮನೆ ಹೊಕ್ಕಿದ್ದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಹಾಗಿರುವಾಗ ತೈವಾನಿನಿಂದ ಬಂದ ತಮ್ಮನನ್ನು ಬಾಗಿಲಲ್ಲೇ ನಿಲ್ಲಿಸುವುದು ಯಾವ ನ್ಯಾಯ?

ಹೌದು, ಈ ಚಹಾದ ತವರು ತೈವಾನ್. ಅಲ್ಲಿ ಗೆಣಸಿನ ಮುತ್ತುಗಳ ಸಿಹಿತಿನಿಸು ಮೊದಲೇ ಇತ್ತು. 1980ರ ದಶಕದಲ್ಲಿ ಅದನ್ನು ತಣ್ಣನೆಯ ಚಹಾಕ್ಕೆ ಸುರಿದರು. ಮೊದಲು ಸುರಿದವರು ಯಾರೆಂದು ತೈಚುಂಗ್‌ನ ಚುನ್ ಶುಯಿ ಟಾಂಗ್, ತೈನಾನ್‌ನ ಹಾನ್‌ಲಿನ್ ಎಂಬೆರಡು ಚಹಾದಂಗಡಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಸೆಣಸಿದವು. ಇದು ಯಾರೂ ಮಾಡಬಹುದಾದ ಪಾನೀಯ, ತೀರ್ಮಾನವೇ ಬೇಡವೆಂದು ನ್ಯಾಯಾಲಯ 2019ರಲ್ಲಿ ಕೈತೊಳೆದುಕೊಂಡಿತು. ಮೈಸೂರುಪಾಕಿನ ವಂಶಾವಳಿಗಾಗಿ ಜಗಳಾಡುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಉಳಿದ ಸಾಮಗ್ರಿ ಸರಳ: ಕಪ್ಪು ಅಥವಾ ಹಸಿರು ಚಹಾದ ಕಷಾಯ, ಹಾಲು, ಸಕ್ಕರೆ ಪಾಕ, ಮಂಜುಗಡ್ಡೆ. ಎಲ್ಲವನ್ನೂ ಕುಲುಕಿದಾಗ ನೊರೆ ಏಳುತ್ತದೆ. ಕೆಲವೆಡೆ ಹಾಲಿನ ಬದಲು ಎಣ್ಣೆಯಿಂದ ಮಾಡಿದ ಪುಡಿ ಹಾಕುತ್ತಾರೆ, ಕೇಳಿ ಕೊಳ್ಳುವುದು ಮೇಲು. ಬಾಯಲ್ಲಿ ಪಟ್ಟೆಂದು ಒಡೆಯುವ ಬಣ್ಣದ ಗುಳ್ಳೆಗಳ ಜಾತಿಯೇ ಬೇರೆ: ಹಣ್ಣಿನ ರಸದ ಸುತ್ತ ಕಡಲಪಾಚಿಯ ಸಾರದ ತೆಳು ಪೊರೆ. ಅಗಿಯುವ ಪಾನೀಯ ಮುಂಬಯಿಗೆ ಹೊಸದೇ? ಶಾವಿಗೆ, ಕಾಮಕಸ್ತೂರಿ ಬೀಜದ ಫಾಲೂದಾ ಇಲ್ಲಿ ಎಂದಿನಿಂದಲೋ ಇದೆ.

ಅಜ್ಜಿಯ ಸಂಶಯ ಪರಿಹಾರವಾಯಿತು, ಆದರೆ ನಮ್ಮದು ಆಗಲಿಲ್ಲ. ಸಕ್ಕರೆಯ ಮಾತು ಹಾಗಿರಲಿ. ದಿನಕ್ಕೆ 25 ಗ್ರಾಮಿನೊಳಗೆ ನಿಂತರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸಕ್ಕರೆ ಒಂದೇ ದೊಡ್ಡ ಲೋಟದಲ್ಲಿ ಮುಗಿದುಹೋಗಬಹುದು. ಅರ್ಧ ಸಿಹಿ ಎಂದು ಹೇಳಿ ತರಿಸಬಹುದು, ಮಗ ಗೊಣಗುತ್ತ ಒಪ್ಪಿದ್ದಾನೆ. ನಮ್ಮ ಭಯ ನಳಿಕೆಯದು. ಪಾಯಸದಲ್ಲಿ ಸಬ್ಬಕ್ಕಿ ಚಮಚೆಯಿಂದ ನಾಲಿಗೆಗೆ ಬರುತ್ತದೆ, ಹಲ್ಲು ಎಚ್ಚರವಾಗಿರುತ್ತದೆ. ಇಲ್ಲಿ ಎಳೆದ ರಭಸಕ್ಕೆ ಅಂಟಾದ ಗೋಲಿ ನೇರ ಗಂಟಲಿಗೆ ಹಾರುತ್ತದೆ. ಅದು ಶ್ವಾಸನಾಳ ಹೊಕ್ಕರೆ? ಜರ್ಮನಿಯ ಆಹಾರ ಅಪಾಯ ಪರಿಶೀಲಿಸುವ ಸರಕಾರಿ ಸಂಸ್ಥೆ 2012ರಲ್ಲೇ ಚಿಕ್ಕ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆ ಕೊಟ್ಟಿತ್ತು. ಕಟ್ಟುಹಲ್ಲಿನ ಹಿರಿಯರಿಗೂ ಇದೇ ಮಾತು ಅನ್ವಯಿಸುತ್ತದೆಂದು ನಾವು ಹೇಳಿದಾಗ ಅಜ್ಜಿಗೆ ಅಷ್ಟಾಗಿ ಹಿಡಿಸಲಿಲ್ಲ.

ಹೀಗಾಗಿ ಪುಟ್ಟಿಗೆ ಮನೆಯಲ್ಲೇ ಏರ್ಪಾಟು. ಸಣ್ಣ ಸಬ್ಬಕ್ಕಿಯನ್ನು ನೆನೆಸಿ, ಕಾಳಿನ ನಡುವಿನ ಬಿಳಿಯ ಕಣ್ಣು ಮಾಯವಾಗಿ ಗಾಜಿನಂತಾಗುವವರೆಗೆ ಅಜ್ಜಿ ಬೇಯಿಸುತ್ತಾರೆ. ಬೆಲ್ಲದ ಪಾಕ, ತಣ್ಣನೆಯ ಹಾಲು, ಒಂದು ಚಮಚೆ. ಆಗಿಂದಾಗ ತಿನ್ನಬೇಕು, ಫ್ರಿಜ್‌ನಲ್ಲಿಟ್ಟರೆ ಪಿಷ್ಟ ಬಿರುಸಾಗಿ ಕಾಳು ಗಟ್ಟಿಯಾಗುತ್ತದೆ, ಅಂಗಡಿಯವರೂ ಬೋಬಾವನ್ನು ಕೆಲವೇ ತಾಸು ಇಡುತ್ತಾರೆ. ಚಹಾ ಇಲ್ಲ, ನಳಿಕೆಯೂ ಇಲ್ಲ. ಪುಟ್ಟಿ ಬಟ್ಟಲು ಖಾಲಿ ಮಾಡುತ್ತಾಳೆ, ಸಬ್ಬಕ್ಕಿ ಎಂಬ ಮಾತನ್ನೂ ಕಲಿತಿದ್ದಾಳೆ. ಅಣ್ಣನ ನಳಿಕೆಗಾಗಿ ಜಗಳ ಮಾತ್ರ ಇನ್ನೂ ನಡೆದೇ ಇದೆ.