ಲೆಕ್ಕಕ್ಕೆ ಸಿಗದ ಗಾಳಿ

ಅತಿಯಾದುದು ತಾನಾಗಿಯೇ ಕೂಗಿಕೊಳ್ಳುತ್ತದೆ. ಕೊರತೆಯು ಬಾಯಿ ಬಿಡುವುದಿಲ್ಲ. ಪೆಟ್ರೋಲನ್ನು ಅಳತೆಮೀರಿ ಕುಡಿಯುವ ಮೋಟಾರುಗಾಡಿಯು ಕರಿಯ ಹೊಗೆಯನ್ನುಗುಳಿ ತನ್ನ ದೋಷವನ್ನು ಊರಿಗೆಲ್ಲ ಸಾರುತ್ತದೆ. ಪೆಟ್ರೋಲು ಸಾಲದೆ ಗಾಳಿಯೇ ಹೆಚ್ಚಾಗಿ ನಡೆಯುವ ಗಾಡಿಯಾದರೋ ಹೊಗೆಯನ್ನು ತೋರದು. ಅದು ಒಳಗೊಳಗೇ ಕಾಯುತ್ತ ಹೋಗಿ, ಒಂದು ದಿನ ವಾಲ್ವುಗಳನ್ನು ಸುಟ್ಟುಕೊಂಡು ಕುಳಿತಾಗಲೇ ಯಜಮಾನನಿಗೆ ಅದರ ಬಡತನವು ತಿಳಿಯುವುದು.

ಸುರಪುರ ಸೀಮೆಯ ಕೊಡೇಕಲ್ಲು ಕಾಲಜ್ಞಾನದ ಬಸವಣ್ಣನವರಿಂದ ಹೆಸರಾದ ಊರು. ಮುಂದಾಗುವುದನ್ನು ಕುರಿತ ಮಾತುಗಳಿಗೆ ಅಲ್ಲಿ ಕೊರತೆಯಿಲ್ಲ. ಇಂಜಿನಿನ ಹೊಟ್ಟೆಯೊಳಗೆ ಈಗ ಆಗುತ್ತಿರುವುದನ್ನು ಹೇಳಬಲ್ಲವರು ಮಾತ್ರ ವಿರಳ. ಅಲ್ಲಿಯ ನಿವೃತ್ತ ಮಾಸ್ತರರೊಬ್ಬರ ಬಳಿ ಕಾರ್ಬ್ಯುರೇಟರಿನ ಕಾಲದ, ಮೂರು ಸಿಲಿಂಡರಿನ ಹಳೆಯ ಕಾರು ಇತ್ತು. ಕಳೆದ ಬೇಸಗೆಯಲ್ಲಿ ಅದಕ್ಕೆ ಈ ರೋಗವು ಅಂಟಿತು. ಪೆಡಲಿನಿಂದ ಕಾಲು ತೆಗೆದೊಡನೆ ಇಂಜಿನು ನಡುಗಿ ಆರುವುದು. ಥಟ್ಟನೆ ಒತ್ತಿದರೆ ಕಾರ್ಬ್ಯುರೇಟರಿನ ಬಾಯಿಂದ ಸೀನಿದಂತೆ ಸದ್ದಾಗುವುದು. ಪೇಟೆಯ ಮಿಸ್ತ್ರಿಯೊಬ್ಬನು ಮಿಶ್ರಣದ ತಿರುಪನ್ನು ಎರಡು ಸುತ್ತು ಬಿಚ್ಚಿ, ಪೆಟ್ರೋಲನ್ನು ಹೆಚ್ಚಿಗೆ ಬಿಟ್ಟು ಕಳುಹಿದನು. ನಾಲ್ಕು ದಿನ ನೆಟ್ಟಗಿದ್ದ ಗಾಡಿ ಐದನೆಯ ದಿನ ಮತ್ತೆ ಮೊದಲಿನಂತಾಯಿತು.

“ಮಾಸ್ತರ, ಇದಕ್ಕ ವಯಸ್ಸಾತ್ರೀ. ಗುಜರಿಗೆ ಹಾಕಿಬಿಡ್ರಿ” ಎಂದರು ನೆರೆಯವರು. ಹಾಗೆ ಹಾಕಿಬಿಡುವಂತಿರಲಿಲ್ಲ. ಮನೆಯಲ್ಲಿ ಮಗಳು ತುಂಬು ಬಸುರಿ. ಅಪರಾತ್ರಿಯಲ್ಲಿ ಸುರಪುರಕ್ಕೋ ತಾಳಿಕೋಟೆಗೋ ಹೊರಡಬೇಕಾದೀತು. ಹೊಸ ಗಾಡಿಗೆ ಪಿಂಚಣಿಯು ಸಾಲದು.

ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಒಂದು ತೂಕದ ಪೆಟ್ರೋಲಿಗೆ ಸುಮಾರು 14.7 ತೂಕದ ಗಾಳಿ ಬೇಕು. ಕಾರ್ಬ್ಯುರೇಟರು ತನ್ನ ಗಂಟಲೊಳಗಿಂದ ಹಾದುಹೋಗುವ ಗಾಳಿಯನ್ನಷ್ಟೇ ಅರಿತು ಅದಕ್ಕೆ ತಕ್ಕ ಪೆಟ್ರೋಲನ್ನು ಕೊಡುತ್ತದೆ. ಅದರ ಕೆಳಗಡೆ ಬಿರುಕಿನಿಂದ ನುಸುಳಿದ ಗಾಳಿಯು ಅದರ ಲೆಕ್ಕಕ್ಕೆ ಬಾರದು. ಹತ್ತು ಜನರಿಗೆಂದು ಅಡಿಗೆ ಮಾಡಿದ ಮನೆಗೆ ಕರೆಯದ ಮೂವರು ಹಿತ್ತಲ ಬಾಗಿಲಿನಿಂದ ಬಂದು ಪಂಕ್ತಿಯಲ್ಲಿ ಕುಳಿತರೆ ಹೇಗೋ ಹಾಗೆ: ಅಡಿಗೆಯವರದು ತಪ್ಪಿಲ್ಲ, ಎಲ್ಲರ ಹೊಟ್ಟೆಯೂ ಅರೆಯಾಯಿತು. ತಿರುಪನ್ನು ಬಿಚ್ಚುವುದೆಂದರೆ ಹಿತ್ತಲ ಬಾಗಿಲನ್ನು ತೆರೆದಿಟ್ಟೇ ಅಕ್ಕಿಯ ಅಳತೆಯನ್ನು ಹೆಚ್ಚಿಸಿದಂತೆ. ಬಿರುಕು ದೊಡ್ಡದಾದಂತೆಲ್ಲ ಆ ಅಳತೆಯೂ ಸಾಲದಾಗುತ್ತದೆ.

ಮಾಸ್ತರರು ಪಾನೆಗಿಂತ ಮುಂಚೆ ಕಾಗದವನ್ನು ಕೈಗೆ ತೆಗೆದುಕೊಂಡರು. ಗಾಡಿಯು ಯಾವಾಗ ಸೊರಗುವುದು, ಯಾವಾಗ ನೆಟ್ಟಗಿರುವುದು ಎಂಬುದನ್ನು ಒಂದು ವಾರ ಬರೆದಿಟ್ಟರು. ನಿಂತಲ್ಲಿ ನಡುಗುವ ಇಂಜಿನು ಹಾದಿ ಹಿಡಿದ ಮೇಲೆ ಚೆನ್ನಾಗಿಯೇ ಎಳೆಯುತ್ತಿತ್ತು. ಇದೇ ಮುಖ್ಯವಾದ ಸುಳಿವು. ಇಂಜಿನು ನಿಧಾನವಾಗಿ ತಿರುಗುವಾಗ ಒಳಗೆ ಎಳೆತವು ಹೆಚ್ಚು, ಕುಡಿಯುವ ಗಾಳಿಯು ಕಡಿಮೆ. ಆಗ ಸಣ್ಣ ಬಿರುಕಿನ ಗಾಳಿಯೂ ದೊಡ್ಡ ಪಾಲಾಗುತ್ತದೆ. ವೇಗದಲ್ಲಿ ಗಾಳಿಯ ಹೊನಲೇ ಹರಿಯುವುದರಿಂದ ಆ ಪಾಲು ಮರೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನಿಂತಾಗ ನೆಟ್ಟಗಿದ್ದು ಏರಿನಲ್ಲಿ ಸೊರಗಿದರೆ, ಫಿಲ್ಟರು ಕಟ್ಟಿದೆಯೆಂದೋ, ಪಂಪು ಸೋತಿದೆಯೆಂದೋ, ಜೆಟ್ಟಿನಲ್ಲಿ ಕಸ ಕೂತಿದೆಯೆಂದೋ ತಿಳಿಯಬೇಕು.

ಮುಂದಿನದು ಪರೀಕ್ಷೆ. ಪ್ಲಗ್ಗುಗಳನ್ನು ಬಿಚ್ಚಿ ನೋಡಲು ತಿಳಿಗಂದು ಬಣ್ಣವಿರಬೇಕಾದಲ್ಲಿ ಮೂರೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಒಂದೇ ಬೆಳ್ಳಗಿದ್ದರೆ ಬಿರುಕು ಆ ಸಿಲಿಂಡರಿನ ಬಳಿಯದು. ಮೂರೂ ಬೆಳ್ಳಗಿದ್ದುದರಿಂದ ಅದು ಮೂರಕ್ಕೂ ಸಮಾನವಾದ ಜಾಗದ್ದು. ಚೋಕನ್ನು ಅರ್ಧ ಎಳೆದೊಡನೆ ನಡುಕವು ನಿಂತಿತು. ಗಾಳಿಯು ಹೆಚ್ಚಾದುದೇ ರೋಗವೆಂದು ಖಚಿತವಾಯಿತು. ಬಳಿಕ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿಕೊಂಡರು, ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನಿನ ಹೊಗೆಯು ಪ್ರಾಣಕ್ಕೇ ಕುತ್ತು. ಕೆಲವರು ಇಂಥ ಶೋಧಕ್ಕೆ ಪೆಟ್ರೋಲನ್ನೇ ಚಿಮುಕಿಸುವುದುಂಟು. ಕಾದ ಇಂಜಿನಿನ ಮೇಲೆ ಅದು ಬೆಂಕಿಯೊಡನೆ ಆಟ. ಮಾಸ್ತರರು ತಣ್ಣಗಿದ್ದಾಗಲೇ ಸೋಪಿನ ನೀರನ್ನು ಕೀಲುಕೀಲಿಗೂ ಹನಿಸಿದರು. ಕಾರ್ಬ್ಯುರೇಟರಿನ ಬುಡದಲ್ಲಿ ನೀರು ಬಿದ್ದೊಡನೆ ಇಂಜಿನಿನ ದನಿಯು ಬದಲಾಯಿತು. ರಬ್ಬರಿನ ನಳಿಗೆಗಳನ್ನು ಪಕ್ಕಡದಿಂದ ಒಂದೊಂದಾಗಿ ಒತ್ತುತ್ತ ಹೋಗಲು, ಎಣ್ಣೆಯ ಹಬೆಯನ್ನು ಎಳೆದೊಯ್ಯುವ ನಳಿಗೆಯನ್ನು ಹಿಸುಕಿದಾಗ ನಡುಕವು ಪೂರ್ತಿಯಾಗಿ ನಿಂತಿತು. ಎಷ್ಟೋ ಬೇಸಗೆಗಳ ಬಿಸಿಲನ್ನು ಉಂಡು ಕಟ್ಟಿಗೆಯಂತಾದ ಆ ನಳಿಗೆಯು ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಸೀಳಿತ್ತು.

ಹೊಸ ನಳಿಗೆ, ಬುಡಕ್ಕೊಂದು ಹೊಸ ಗ್ಯಾಸ್ಕೆಟ್ಟು: ಖರ್ಚು ಇಷ್ಟೇ. ನಟ್ಟುಗಳನ್ನು ಒಂದೇ ಬದಿಯಿಂದ ಬಿಗಿಯದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು; ಇಲ್ಲವಾದರೆ ಬುಡವು ಸೊಟ್ಟಗಾಗಿ ಹೊಸ ಬಿರುಕಿಗೆ ದಾರಿಯಾಗುತ್ತದೆ. ಮರೆಯಬಾರದ ಇನ್ನೊಂದು ಕೆಲಸವಿತ್ತು. ಮಿಸ್ತ್ರಿಯು ಬಿಚ್ಚಿದ್ದ ತಿರುಪನ್ನು ಹಾಗೆಯೇ ಬಿಟ್ಟರೆ, ಕರೆಯದವರು ಹೋದ ಮೇಲೂ ಅವರ ಪಾಲಿನ ಅಡಿಗೆ ನಡೆದಂತೆ. ಗಾಡಿಯು ಹೊಗೆ ಕಾರುವುದು. ಅದನ್ನು ಮೆಲ್ಲನೆ ಒಳಕ್ಕೆ ತಿರುಗಿಸಿ, ಇಂಜಿನು ಸಮವಾಗಿ ಓಡುವಲ್ಲಿಗೆ ನಿಲ್ಲಿಸಿದರು. ಎಂಟು ದಿನಗಳ ಮೇಲೆ ಆ ಗಾಡಿಯು ನಡುರಾತ್ರಿಯಲ್ಲಿ ಹೊರಡಬೇಕಾಯಿತು. ಹಾದಿಯಲ್ಲಿ ಎಲ್ಲಿಯೂ ಆರಲಿಲ್ಲ.

ಹಳೆಯ ಗಾಡಿಗಳಿಗೆ ಈ ವಿದ್ಯೆಯು ಈಗ ಹೆಚ್ಚು ಬೇಕಾಗಿದೆ. 2022ರಲ್ಲಿ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 10 ಭಾಗ ಮುಟ್ಟಿದ ಎಥನಾಲು 2025ರಲ್ಲಿ 20 ಭಾಗಕ್ಕೆ ಏರಿತು. ಎಥನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತು ಬರುವುದರಿಂದ ಅದರ ಒಂದು ತೂಕಕ್ಕೆ ಸುಮಾರು 9 ತೂಕದ ಗಾಳಿಯೇ ಸಾಕು. 20 ಭಾಗದ ಮಿಶ್ರಣಕ್ಕೆ ಹದಿಮೂರೂವರೆಯ ಸುಮಾರು. ಬರಿಯ ಪೆಟ್ರೋಲಿಗೆಂದು ಕೊರೆದ ಜೆಟ್ಟು ಈ ಇಂಧನಕ್ಕೆ ಗಾಳಿಯನ್ನು ಹೆಚ್ಚಾಗಿಯೇ ಬಡಿಸುತ್ತದೆ. ಹಳೆಯ ರಬ್ಬರು ಎಲ್ಲವೂ ಎಥನಾಲನ್ನು ತಾಳುವುದೂ ಇಲ್ಲ. ಆದರೆ ಇಂಧನದಿಂದ ಬಂದ ಕೊರತೆಯು ನಿಂತಾಗಲೂ ಓಡುವಾಗಲೂ ಒಂದೇ ಸಮನಾಗಿರುವುದು. ಬಿರುಕಿನದು ನಿಂತಾಗ ಹೆಚ್ಚು. ಇಷ್ಟನ್ನು ಗುರುತಿಸಿದವನು ಬಿರುಕಿನ ತಪ್ಪನ್ನು ಇಂಧನದ ಮೇಲೆ ಹೊರಿಸಲಾರನು, ಇಂಧನದ ತಪ್ಪಿಗೆ ಸುಮ್ಮನೆ ಗ್ಯಾಸ್ಕೆಟ್ಟನ್ನು ಬದಲಿಸಲಾರನು.

ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರಿಲ್ಲ. ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸೆನ್ಸಾರು ಕೊರತೆಯನ್ನು ಕಂಡು, ಕಂಪ್ಯೂಟರಿನ ಮೂಲಕ ಪೆಟ್ರೋಲನ್ನು ತಾನೇ ಹೆಚ್ಚಿಸುತ್ತದೆ; ಮಿತಿ ಮೀರಿದಾಗ ದೀಪವನ್ನು ಹೊತ್ತಿಸಿ, ಸ್ಕ್ಯಾನರಿಗೆ ಪಿ 0171 ಎಂಬ ಸಂಖ್ಯೆಯನ್ನು ತೋರಿಸುತ್ತದೆ. ಅಂದರೆ ಪೇಟೆಯ ಮಿಸ್ತ್ರಿಯ ತಿರುಪಿನ ಕೆಲಸವನ್ನೇ ಅದು ಕ್ಷಣಕ್ಷಣಕ್ಕೂ ಮಾಡುತ್ತಿರುತ್ತದೆ. ಸಂಖ್ಯೆಯು ಕೊರತೆಯಿದೆಯೆಂದು ಹೇಳೀತು. ಗಾಳಿಯು ಯಾವ ಬಾಗಿಲಿನಿಂದ ಬಂದಿತೆಂಬುದನ್ನು ಹುಡುಕುವ ಕೆಲಸವು ಇಂದಿಗೂ ಸೋಪಿನ ನೀರು ಹಿಡಿದು ಬಗ್ಗಿ ನಿಂತವನದೇ ಆಗಿದೆ.